ಓದುಗರ ಪ್ರಶ್ನೆ: ಮೂರು ಫೂಟಿನ ಪಟ್‌ಗೆ ಕೈ ಯಾಕ ಝಟ್ಕಾ ಹೊಡಿತದ?

ಈ ಸಲ ಬಂದ ಪತ್ರ, ಮೆಸೇಜು ಎಲ್ಲಾ ಒಂದ್ಕಡಿ ಹಾಕಿ ನೋಡಿದ್ರ ಅರ್ಧಕ್ಕರ್ಧ ಕೈ ಬಗ್ಗೇನೇ ಅವ. ಗ್ಯಾಸು, ಮೊಳಕಾಲು, ಕೂದಲು ಉದುರೋದು ಕೇಳಿದವ್ರು ಬೇಜಾರ್ ಮಾಡ್ಕೋಬ್ಯಾಡ್ರಿ, ನಿಮ್ದು ಮುಂದಿನ ತಿಂಗಳ.

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಾನು ಮಿಲಿಟರಿಯಿಂದ ರಿಟೈರ್ ಆದವ, ವಯಸ್ಸು 61, ಕಲಬುರಗಿ ಜೇವರ್ಗಿ ರೋಡ್ ಕಡಿ ಮನಿ. ಸರ್ವಿಸಿನಾಗ ಇದ್ದಾಗ ಗಾಲ್ಫ್ ಚಟ ಹತ್ತಿತು, ಈಗ ಬೆಂಗಳೂರಿಗಿ ಮಗಳ ಮನಿಗಿ ಹೋದಾಗ ಆಡ್ತೀನಿ. ದೂರದ ಹೊಡೆತ ಎಲ್ಲಾ ಬರೋಬ್ಬರಿ ಅದ, ಆದ್ರ ಎರಡು ವರ್ಷದಿಂದ ಹೋಲಿಗಿ ಮೂರು ಫೂಟ್ ಉಳಿದಾಗ ಪಟರ್ (ಚೆಂಡು ಹಗುರಕ ಉರುಳಿಸಿ ಹೋಲಿನಾಗ ಹಾಕೋ ಕೋಲು, ಆ ಹೊಡೆತಕ್ಕ ಪಟ್ ಅಂತಾರ) ಹಿಡಿದು ನಿಂತ್ರ, ಚೆಂಡಿಗಿ ತಾಗೋ ಕ್ಷಣಕ್ಕ ಬಲಗೈ ಮಣಿಕಟ್ಟು ತಾನೇ ಝಟ್ ಅಂತ ತಿರುಗ್ತದ, ಚೆಂಡು ಹೋಲ್ ದಾಟಿ ಆಚಿ. ಮನ್ಯಾಗ ಜಮಖಾನಿ ಮ್ಯಾಲ ಸ್ಟೀಲ್ ಗ್ಲಾಸ್ ಅಡ್ಡ ಮಲಗಿಸಿ ದಿನಾ ಇನ್ನೂರು ಸಲ ಪ್ರಾಕ್ಟೀಸ್ ಮಾಡ್ತೀನಿ, ಮೊದಲ ಅಲ್ಲಿ ಸರಿ ಬೀಳ್ತಿತ್ತು, ಈಗೀಗ ಅಲ್ಲೂ ಹತ್ತಕ್ಕ ಎರಡು ಸಲ ಝಟ್ಕಾ. ಜೋಡಿ ಆಡೋರು 'ಸಾಹೇಬ್ರು ಅಂಜ್ಯಾರ' ಅಂತ ನಗ್ತಾರ. ಬಾರ್ಡರ್‌ನಾಗ ಅಂಜದವ ಒಂದು ತೂತಿಗಿ ಅಂಜ್ತೀನೇನ್ರಿ? ನಮ್ಮ ಮನಿಯಾಕಿ ನಿಂಬೆಹಣ್ಣು ಇಳಿಸಿ ಮೂರು ದಾರಿ ಕೂಡೋ ಕಡಿ ಒಗದು ಬಂದಾಳ. ಇದು ಪಾರ್ಕಿನ್ಸನ್ ಶುರುವಾತೇನು?

ಉತ್ತರ: ಸಾಹೇಬ್ರ, ಮೊದಲ ನೆಟ್ಟಗ ಕೂತು ಚಹಾ ಕುಡೀರಿ. ನೀವು ಬರದಿದ್ದು ಓದಿದ್ರ ಇದು ಪಾರ್ಕಿನ್ಸನ್ ಥರಾ ಕಾಣಲ್ಲ, ಅಂಜಿಕಿ ಅಂತೂ ಪೂರಾ ಅಲ್ಲ. ಇದಕ್ಕ ಗಾಲ್ಫ್ ಆಡೋರ ನಡುವ ಒಂದು ಹೆಸರೇ ಅದ, ಯಿಪ್ಸ್ ಅಂತಾರ. ಆ ಶಬ್ದ ಚಾಲ್ತಿಗಿ ತಂದವ ಟಾಮಿ ಆರ್ಮರ್ ಅಂತ, ಸ್ಕಾಟ್ಲೆಂಡಿನಾಗ ಹುಟ್ಟಿದವ, 1931ರಾಗ ಬ್ರಿಟಿಷ್ ಓಪನ್ ಗೆದ್ದ ಆಸಾಮಿ. ಅಂದ್ರ ಇದು ಕಲಿಯೋರ ರೋಗ ಅಲ್ರಿ, ಬಾಳ ವರ್ಷ ಆಡಿ ಕೈ ಪಳಗಿದವ್ರಿಗೇ ಜಾಸ್ತಿ ಬರ್ತದ. ಅಮೆರಿಕದ ದೊಡ್ಡ ಆಟಗಾರ ಬೆನ್ ಹೋಗನ್‌ಗ ಬಂದಿತ್ತು, ಸ್ಯಾಮ್ ಸ್ನೀಡ್‌ಗ ಬಂದಿತ್ತು, ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್‌ಗಂತೂ ಹೋಗಿ ಹೋಗಿ ತಿರುಗಿ ಬರ್ತಿತ್ತು.

ಒಳಗ ಏನಾಗ್ತದ ಅಂದ್ರ, ನಮ್ಮ ಕಡಿ ಜ್ವಾಳದ ರೊಟ್ಟಿ ಬಡಿಯೋ ಆಯಿನ್ನ ನೋಡ್ರಿ, ಮೂವತ್ತು ವರ್ಷ ಬಡದ ಕೈ, ಮಾತಾಡ್ಕೊಂತ ನಗ್ಕೊಂತ ಬಡಿತಾಳ, ಕೈ ಕಡಿ ನೋಡೋದೇ ಇಲ್ಲ, ರೊಟ್ಟಿ ಮಾತ್ರ ದುಂಡಗ ತಿರುಗ್ತಿರ್ತದ. ಆ ಕೆಲಸದ ಲೆಕ್ಕ ಎಲ್ಲಾ ಮೆದುಳಿನ ಆಳದಾಗ ಬೇಸಲ್ ಗ್ಯಾಂಗ್ಲಿಯಾ ಅಂತ ಗಂಟುಗಳು ಅವ, ಅಲ್ಲಿ ಮತ್ತ ಅದರ ಜೋಡಿ ಕೆಲಸ ಮಾಡೋ ಭಾಗಗಳಾಗ ಕೂತಿರ್ತದ. ಮಣಿಕಟ್ಟು ಒಳಗ ಬಗ್ಗಿಸೋ ಸ್ನಾಯು ಬ್ಯಾರೆ, ಹೊರಗ ಎತ್ತೋ ಸ್ನಾಯು ಬ್ಯಾರೆ. ಒಂದು ಬಿಗಿ ಆದ್ರ ಇನ್ನೊಂದು ಸಡಿಲ ಬಿಡಬೇಕು, ಇದು ಕಾಯ್ದೆ. ಒಂದೇ ನಾಜೂಕು ಕೆಲಸ ಲಕ್ಷಗಟ್ಟಲೆ ಸಲ ಮಾಡಿದವ್ರೊಳಗ ಕೆಲವ್ರಿಗಿ ಈ ಲೆಕ್ಕ ಆ ಒಂದು ಕೆಲಸದ ಮಟ್ಟಿಗಿ ಕೆಡ್ತದ, ಎರಡೂ ಸ್ನಾಯು ಒಟ್ಟಿಗೇ ಬಿಗಿ ಹಿಡಿತಾವ. ಒಂದೇ ಬಂಡಿಗಿ ಮುಂದ ಒಂದು ಎತ್ತು ಹಿಂದ ಒಂದು ಎತ್ತು ಕಟ್ಟಿ ಹೊಡದಂಗ. ಯಾವುದಾದ್ರೂ ಒಂದು ಗೆಲ್ತದಲ್ಲ, ಅದೇ ನಿಮ್ಮ ಝಟ್ಕಾ. ವೈದ್ಯರ ಭಾಷಾದಾಗ ಫೋಕಲ್ ಡಿಸ್ಟೋನಿಯಾ, ಅದೂ ಒಂದೇ ಕೆಲಸಕ್ಕ ಬರೋ ಥರದ್ದು. ಅಮೆರಿಕದ ಮೇಯೋ ಕ್ಲಿನಿಕ್‌ನವ್ರು ಗಾಲ್ಫ್ ಆಡೋರ ಮುಂಗೈಗಿ ಎಲೆಕ್ಟ್ರೋಡ್ ಅಂಟಿಸಿ ಪಟ್ ಮಾಡಿಸಿ ನೋಡ್ಯಾರ, ಯಿಪ್ಸ್ ಇದ್ದವ್ರೊಳಗ ಕೆಲವ್ರಿಗಿ ಚೆಂಡು ಹೊಡಿಯೋಕ್ಕಿಂತ ಸ್ವಲ್ಪ ಮೊದಲ ಈ ಎರಡೂ ಕಡಿ ಎಳೆಯೋದು ಕಂಡು ಬಂತು.

ಕೆಲವ್ರಿಗಿ ಅಂತ ಯಾಕ ಅಂದೆ ಅಂದ್ರ, ಯಿಪ್ಸ್ ಅಂದವ್ರಿಗೆಲ್ಲಾ ಡಿಸ್ಟೋನಿಯಾ ಇರಲ್ಲ. ಕೆಲವ್ರದು ಖರೇನೇ ಒತ್ತಡದ್ದು, ನಾಕು ಮಂದಿ ನೋಡ್ತಿದ್ರ, ರೊಕ್ಕದ ಪಂದ್ಯ ಇದ್ರ ಕೈ ಕಲ್ಲಾಗ್ತದ, ಒಬ್ರೇ ಇದ್ದಾಗ ಏನೂ ಇಲ್ಲ. ಬಾಳ ಮಂದಿ ಎರಡರ ನಡುವ ಎಲ್ಲೋ ಇರ್ತಾರ. ನಿಮ್ಮ ಪತ್ರದಾಗ ನಂಗ ಕಿವಿ ನಿಮಿರಿದ್ದು ಆ ಸ್ಟೀಲ್ ಗ್ಲಾಸಿನ ಮಾತಿಗಿ. ಮನ್ಯಾಗ, ಯಾರೂ ನೋಡದಿದ್ದಾಗ, ಜಮಖಾನಿ ಮ್ಯಾಲೂ ಝಟ್ಕಾ ಬರ್ತದ ಅಂದ್ರ ಬರೀ ಅಂಜಿಕಿ ಅನ್ನಲಾಕ ಬರಲ್ಲ. ನಿಮ್ಮ ದೋಸ್ತರಿಗಿ ಈ ಪೇಜ್ ಫೋಟೋ ಹೊಡದು ಕಳಿಸ್ರಿ.

ಒಂದು ಸಣ್ಣ ಪರೀಕ್ಷಾ ಮಾಡ್ರಿ. ಮೊಬೈಲ್ ಎದುರಿಗಿ ಇಟ್ಟು ಸ್ಲೋ ಮೋಷನ್‌ನಾಗ ಮಣಿಕಟ್ಟಷ್ಟೇ ಕಾಣೋಹಂಗ ವಿಡಿಯೋ. ಹತ್ತು ಸಲ ಚೆಂಡಿಲ್ಲದೆ ಬರೀ ಪಟರ್ ತೂಗ್ರಿ, ಹತ್ತು ಸಲ ಚೆಂಡಿಟ್ಟು, ಹತ್ತು ಸಲ ಬರೀ ಬಲಗೈಲೆ, ಹತ್ತು ಸಲ ಬರೀ ಎಡಗೈಲೆ. ಚೆಂಡಿಲ್ಲದಾಗ ಬೆಣ್ಣಿ ಥರಾ ಹೋಗಿ, ಚೆಂಡು ಬಂದ ಕೂಡ್ಲೇ ಒದರಿದ್ರ, ಅದೂ ಬಲಗೈಲೆನೇ ಜಾಸ್ತಿ ಒದರಿದ್ರ, ಆ ವಿಡಿಯೋ ನ್ಯೂರಾಲಜಿಸ್ಟ್‌ಗ ತೋರಸ್ರಿ. ಕ್ಲಿನಿಕ್‌ನಾಗ ಕೈ ಚಾಚ್ರಿ ಅಂದ್ರ ನಿಮ್ಮ ಕೈ ಸಾಧು ಥರಾ ನಿಂತಿರ್ತದ, ಡಾಕ್ಟರ್‌ಗೂ ಏನೂ ಕಾಣಲ್ಲ, ವಿಡಿಯೋ ಇದ್ರ ಅರ್ಧ ಕೆಲಸ ಮುಗೀತು.

ಪಾರ್ಕಿನ್ಸನ್ ಕಥಿ ಬ್ಯಾರೆ. ಅದರಾಗ ಕೈ ತೊಡಿ ಮ್ಯಾಲ ಸುಮ್ನ ಇಟ್ಟಾಗ ನಡುಗ್ತದ, ನಡಿಗಿ ನಿಧಾನ ಆಗ್ತದ, ನಡಿಬೇಕಾದ್ರ ಒಂದು ಕೈ ಬೀಸೋದು ನಿಲ್ತದ, ಅಕ್ಷರ ಸಣ್ಣ ಆಗ್ಕೊಂತ ಹೋಗ್ತದ, ಎಷ್ಟೋ ಮಂದಿಗಿ ವಾಸನಿ ಹೋಗಿರ್ತದ. ಇದ್ರಾಗ ಒಂದಾದ್ರೂ ಇದ್ರ ಗಾಲ್ಫ್ ಬಿಟ್ಟು ಮೊದಲ ಡಾಕ್ಟರ್ ಕಡಿ ಹೋಗ್ರಿ.

ಇನ್ನ ಉಪಾಯ. ಮೊದಲನೇದು ಆ ಇನ್ನೂರು ನಿಲ್ಲಸ್ರಿ. ಫೌಜಿನಾಗ 'ಬರಲ್ಲ ಅಂದ್ರ ಇನ್ನೂ ನೂರು ಮಾಡು' ಅಂತ ಕಲಿಸಿರ್ತಾರ, ಅಲ್ಲಿ ಸರಿ, ಇಲ್ಲಿ ಕೆಟ್ಟ ಲೆಕ್ಕಾನೇ ಮತ್ತ ಮತ್ತ ತಿದ್ದಿ ಗಟ್ಟಿ ಮಾಡಿದಂಗ ಆಗ್ತದ. ಮೆದುಳಿಗಿ 'ಇದು ಆ ಹಳೇ ಕೆಲಸ ಅಲ್ಲ, ಹೊಸಾದು' ಅಂತ ಅನಸಬೇಕು, ಹಂಗ ಹಿಡಿಯೋ ರೀತಿ ಬದಲಿ ಮಾಡ್ರಿ. ಎಡಗೈ ಕೆಳಗ ಬಲಗೈ ಮ್ಯಾಲ ಹಿಡಿಯೋದು ಒಂದು. ಬಲಗೈ ಮುಷ್ಟಿ ಹಿಡಿಯೋ ಬದ್ಲಿ ಪೆನ್ಸಿಲ್ ಹಿಡದಂಗ ಹಗುರಕ ಆನಿಸೋದು ಇನ್ನೊಂದು, ಇದಕ್ಕ ಕ್ಲಾ ಗ್ರಿಪ್ ಅಂತಾರ. ದಪ್ಪ ಹಿಡಿಕಿ ಪಟರ್, ಉದ್ದ ಪಟರ್, ಚೆಂಡು ಬಿಟ್ಟು ಹೋಲ್ ನೋಡ್ಕೊಂತ ಹೊಡಿಯೋದು, ಎಡಚನಂಗ ಆಡೋದು, ಎಲ್ಲಾ ನೋಡ್ರಿ, ಯಾವುದು ಹತ್ತತದ ಅಂತ ಮೊದಲೇ ಹೇಳಲಾಕ ಬರಲ್ಲ.

ಲ್ಯಾಂಗರ್ ಇದನ್ನೇ ಮಾಡಿದ. 1985ರಾಗ ಮಾಸ್ಟರ್ಸ್ ಅನ್ನೋ ದೊಡ್ಡ ಗಾಲ್ಫ್ ಪಂದ್ಯ ಗೆದ್ದ, ಮತ್ತ ಯಿಪ್ಸ್ ಬಂತು, ಆವಾಗ ಎಡಗೈ ಪಟರಿನ ಕೋಲಿನಾಗ ಕೆಳಗ ಇಳಿಸಿ, ಪಟರಿನ ಹಿಡಿಕಿ ಎಡ ಮುಂಗೈಗಿ ಹಚ್ಚಿ, ಬಲಗೈಲೆ ಆ ಎರಡನ್ನೂ ಒಟ್ಟಿಗಿ ಒತ್ತಿ ಹಿಡದ. ಮುರಿದ ಕೈಗಿ ದಬ್ಬಿ ಕಟ್ಟಿದಂಗ ಕಾಣ್ತಿತ್ತು, ಚಂದ ಏನಿಲ್ಲ, ಆದ್ರ ಮಣಿಕಟ್ಟು ತಿರುಗಲಾಕ ಜಾಗಾನೇ ಉಳಿಲಿಲ್ಲ. ಹಂಗೇ ಆಡಿ 1993ರಾಗ ಮತ್ತೊಂದು ಮಾಸ್ಟರ್ಸ್ ಗೆದ್ದ. ಆಮ್ಯಾಲ ಉದ್ದ ಪಟರಿಗಿ ಹೋದ. ಸ್ನೀಡ್ ಅಂತೂ ಎರಡು ಕಾಲಿನ ನಡುವಿಂದ ಹೊಡಿಲಾಕ ಶುರು ಮಾಡಿದ, ಅದಕ್ಕ 1968ರಿಂದ ರೂಲ್ಸ್ ಅಡ್ಡ ಬಂತು, ಅವ ಸುಮ್ನ ಪಕ್ಕಕ್ಕ ನಿಂತು ಹೊಡಿಲಾಕ ಹತ್ತಿದ. ಒಂದು ಮಾತು ನೆನಪಿಡ್ರಿ, ಉದ್ದ ಪಟರ್ ತಗೊಂಡ್ರ ಅದರ ತುದಿ ಎದಿಗೋ ಹೊಟ್ಟಿಗೋ ಆನಿಸಿ ಹೊಡಿಯೋದು 2016ರ ಜನವರಿಯಿಂದ ಬಂದ್ ಆಗ್ಯದ, ಮುಂಗೈಗಿ ಹಚ್ಚಿ ಹಿಡಿಯೋದಕ್ಕ ತಕರಾರಿಲ್ಲ.

ಗುಳಿಗಿ ಕೇಳ್ತೀರಿ ಅಂತ ಗೊತ್ತು. ಪ್ರೊಪ್ರನೊಲಾಲ್ ಅಂತ ಒಂದದ, ಎದಿ ಡವಡವ ಅನ್ನೋದು ಇಳಸ್ತದ, ಒತ್ತಡದ ನಡುಕಕ್ಕ ಅನುಕೂಲ, ಡಿಸ್ಟೋನಿಯಾಕ್ಕ ಅಷ್ಟು ಉಪಯೋಗ ಇಲ್ಲ. ದಮ್ಮು ಇದ್ದವ್ರು, ಎದಿ ಬಡಿತ ಮೊದಲೇ ನಿಧಾನ ಇದ್ದವ್ರು ಮುಟ್ಟಲೇಬಾರದು. ಮತ್ತ ಗಾಲ್ಫ್ ಸ್ಪರ್ಧಾದಾಗ ಈ ಜಾತಿ ಗುಳಿಗಿ ಡೋಪಿಂಗ್ ಲಿಸ್ಟಿನಾಗ ಬರ್ತದ, ಬಿಲ್ಲುಗಾರಿಕಿ, ಶೂಟಿಂಗ್‌ನಾಗೂ ಹಂಗೇ. ಬೊಟಾಕ್ಸ್ ಇಂಜೆಕ್ಷನ್ ಮಾತು ಕೆಳಗಿನ ಉತ್ತರದಾಗ ಅದ, ನಿಮಗ ಅಷ್ಟು ದೂರ ಹೋಗೋ ಜರೂರ್ ಈಗ ಇಲ್ಲ, ಮೊದಲ ಹಿಡಿತ ಬದಲಿ ಮಾಡಿ ಎರಡು ತಿಂಗಳು ನೋಡ್ರಿ. ಮನಿಯಾಕಿ ಮುಂದ ನಿಂಬೆಹಣ್ಣು ಶರಬತ್ತಿಗಿ ಇಡ್ಲಿ, ನಮ್ಮ ಬ್ಯಾಸಗಿಗಿ ಅದೇ ಛಲೋ.

ಪ್ರಶ್ನೆ: ಸರ್, ನಮ್ದು ಬೀದರ್. ಅಪ್ಪಾ ಬಿದ್ರಿ ಕೆಲಸ ಮಾಡ್ತಾರ, ವಯಸ್ಸು 52, ಹದಿನಾಕು ವರ್ಷದಾಗಿಂದ ಅದೇ ಕೆಲಸ. ಒಂದು ವರ್ಷದಿಂದ ಕಲಮ್ (ಗೆರಿ ಕೊರಿಯೋ ಉಳಿ) ಹಿಡಿದು ಗೀರಲಾಕ ಶುರು ಮಾಡಿದ್ರ ಹೆಬ್ಬೆರಳು ಒಳಗ ಮಡಚ್ತದ, ತೋರುಬೆರಳು ಮ್ಯಾಲೆ ಏಳ್ತದ, ಗೆರಿ ಅಡ್ಡ ಹೋಗ್ತದ. ಊಟ, ಅಂಗಿ ಗುಂಡಿ, ಗಾಡಿ ಕ್ಲಚ್ ಎಲ್ಲಾ ಆರಾಮ. ಓಣ್ಯಾಗ ಒಬ್ರು ಸತುವಿನ ಹೊಗಿ ಕುಡದು ಆಗ್ಯಾದ ಅಂತಾರ, ಒಬ್ರು 'ಮನಸ್ಸಿಲ್ಲ, ಬಹಾನಾ' ಅಂತಾರ. ಅಪ್ಪಾ ರಾತ್ರಿ ಒಬ್ರೇ ಕೂತು ಕೈ ನೋಡ್ಕೊಂತಿರ್ತಾರ.

ಉತ್ತರ: ತಮ್ಮಾ, ಮ್ಯಾಲಿನ ಸಾಹೇಬ್ರ ಉತ್ತರ ಅಪ್ಪಾಗ ಓದಿ ಹೇಳು. ಅವ್ರ ಪಟರ್, ನಿಮ್ಮ ಅಪ್ಪನ ಕಲಮ್, ಇಷ್ಟೇ ಫರಕು. ಫರಕು ಇನ್ನೊಂದು ಅದ, ಅವ್ರಿಗಿ ಅದು ಆಟ, ನಿಮಗ ಅದು ರೊಟ್ಟಿ. ಅದಕ್ಕೇ ಈ ಪತ್ರ ಓದಿ ನಂಗ ಜಾಸ್ತಿ ಕಳವಳ ಆತು.

ಬಿದ್ರಿ ಕೆಲಸ ಕಂಡವ್ರಿಗಿ ಗೊತ್ತು, ಸತು ತಾಮ್ರದ ಪಾತ್ರಿಗಿ ಮೈಲುತುತ್ತಿನ ನೀರು ಬಳದು ಕರಿ ಮಾಡಿ, ಅದರ ಮ್ಯಾಲ ಕೂದಲಿನಷ್ಟು ಗೆರಿ ಕೊರದು, ಆ ಗೆರ್ಯಾಗ ಬೆಳ್ಳಿ ತಂತಿ ಕೂಡಿಸಿ ಬಡಿಬೇಕು, ಆಮ್ಯಾಲ ಕ್ವಾಟಿ ಮಣ್ಣು, ನವಸಾಗರದ ನೀರು. ದಿನಕ್ಕ ಎಂಟು ತಾಸು ಅದೇ ಮೂರು ಬೆರಳು, ಅದೇ ಒತ್ತು. ಇಂಥ ಕೆಲಸದಾಗೇ ಈ ರೋಗ ಬರೋದು. 1713ರಷ್ಟು ಹಿಂದೇನೇ ಇಟಲಿಯ ವೈದ್ಯ ರಾಮಾಝಿನಿ, ದಿನಾ ಕೂತು ಬರಿಯೋ ಕಾರಕೂನರ ಬಲಗೈ ಕೆಟ್ಟು ಹೋಗೋದು ಬರದಿಟ್ಟಾನ. ಲಿಯಾನ್ ಫ್ಲೈಶರ್ ಅಂತ ಅಮೆರಿಕದ ದೊಡ್ಡ ಪಿಯಾನೋ ವಾದಕ, 1960ರ ದಶಕದಾಗ ಅವರ ಬಲಗೈ ಎರಡು ಬೆರಳು ತಾನೇ ಮಡಚಲಾಕ ಹತ್ತಿದವು, ಮೂವತ್ತು ವರ್ಷದ ಹತ್ರ ಹತ್ರ ಬರೀ ಎಡಗೈ ಸಲುವಾಗಿ ಬರದ ಸಂಗೀತ ನುಡಿಸ್ಕೊಂತ, ಪಾಠ ಹೇಳ್ಕೊಂತ ಬದುಕಿದ್ರು, ಆಮ್ಯಾಲ ಬೊಟಾಕ್ಸ್ ಮತ್ತ ಬ್ಯಾರೆ ಚಿಕಿತ್ಸಾದಿಂದ ಎರಡು ಕೈಲೆ ನುಡಿಸ್ಲಾಕ ತಿರುಗಿ ಬಂದ್ರು. ಅವ್ರಿಗೂ ಯಾರಾದ್ರೂ ಬಹಾನಾ ಅಂದಿರ್ಬೇಕು ಬಿಡು.

ಸತುವಿನ ಹೊಗಿ ಜಾಸ್ತಿ ಕುಡದ್ರ ಚಳಿ ಜ್ವರ ಬರ್ತದ, ಮೈ ನೋಯ್ತದ, ಒಂದೆರಡು ದಿನಕ್ಕ ಇಳಿತದ. ಬರೀ ಕಲಮ್ ಹಿಡದಾಗ ಹೆಬ್ಬೆರಳು ಮಡಚೋದು ಅದರಿಂದಲ್ಲ. ಹೊಗಿಗಿ ಮುಖಕ್ಕ ಬಟ್ಟಿ, ಕಿಡಕಿ ತೆಗೆಯೋದು ಹೆಂಗೂ ಮಾಡಬೇಕು, ಅದು ಬ್ಯಾರೆ ಮಾತು.

ಮೊದಲ ಒಂದು ಖಾತ್ರಿ ಮಾಡ್ಕೋಬೇಕು, ನರ ಎಲ್ಲಾದ್ರೂ ಒತ್ತಿ ಹಿಡದದೇನು ಅಂತ. ರಾತ್ರಿ ಕೈ ಜುಮುಜುಮು ಅಂತದೇನು, ಬೆರಳು ಮರಗಟ್ಟತಾವೇನು, ಹಿಡಿದಿದ್ದು ಕೈಯಿಂದ ಜಾರ್ತದೇನು, ಕುತ್ತಿಗಿ ನೋವದೇನು ಕೇಳು. ಹೌದು ಅಂದ್ರ ನರದ ಕರೆಂಟ್ ಟೆಸ್ಟ್ ಮಾಡಸ್ರಿ, ಅದಕ್ಕ ಇಲಾಜು ಪೂರಾ ಬ್ಯಾರೆ. ಅದೆಲ್ಲಾ ಇಲ್ಲ ಅಂದ್ರ ಡಿಸ್ಟೋನಿಯಾ ಅಂತ ಹಿಡಿಬಹುದು.

ಮನ್ಯಾಗ ಇವತ್ತೇ ಮಾಡೋದು: ಕಲಮ್‌ಗ ಹಳೇ ಬಟ್ಟಿ ಸುತ್ತಿ ನಿಂಬೆಹಣ್ಣಿನಷ್ಟು ದಪ್ಪ ಮಾಡಿ ಹಿಡಿಲಿ. ತೋರುಬೆರಳಿಗಿ ಅಂಟು ಪಟ್ಟಿ ಹಚ್ಚಿ ನೋಡ್ಲಿ. ಎಡಗೈ ಬೆರಳ ತುದಿಯಿಂದ ಬಲಗೈ ಹಿಂಭಾಗ ಸುಮ್ನ ಮುಟ್ಟಿ ಗೀರಲಿ, ಒತ್ತಬಾರದು, ಮುಟ್ಟೋದಷ್ಟೇ. ಕೆಲವ್ರಿಗಿ ಅಷ್ಟಕ್ಕೇ ಬೆರಳು ಸಡಿಲ ಬಿಡ್ತದ, ನೋಡಿದವ್ರಿಗಿ ಜಾದೂ ಅನಸ್ತದ. ಹಂಗ ಆತು ಅಂದ್ರ ಅದೇ ಒಂದು ಗುರುತು, ಮೆದುಳಿಗಿ ಹೊಸ ಸುದ್ದಿ ಮುಟ್ಟಿದ್ರ ಹಳೇ ಲೆಕ್ಕ ಒಂದು ಗಳಿಗಿ ಬಿಡ್ತದ. ಗೀರೋ ಕೆಲಸ ಎರಡು ತಿಂಗಳು ಅಣ್ಣ ತಮ್ಮಂದಿರಿಗಿ ಕೊಟ್ಟು ಅಪ್ಪಾ ಅರಾ ಹೊಡಿಯೋದು, ಪಾಲಿಶ್, ಕರಿ ಮಾಡೋದು ನೋಡ್ಲಿ. ಪಗಾರ ಕಡಿಮಿ ಆಗ್ತದ ಗೊತ್ತು, ಆದ್ರ ಜಬರ್ದಸ್ತಿ ಗೀರಿದ್ರ ಇನ್ನಾ ಬಿಗಿತದ.

ಬೊಟಾಕ್ಸ್ ಅಂದ್ರ ಸಿನಿಮಾದವ್ರು ಮುಖಕ್ಕ ಹಾಕೊಳ್ಳೋದೇ, ಹೌದು. ನರದಿಂದ ಸ್ನಾಯುವಿಗಿ ಹೋಗೋ ಹುಕುಮ್ ಅದು ತಡಿತದ. ಯಾವ ಸ್ನಾಯು ಸುಮ್ಸುಮ್ನ ಬಿಗಿತದೋ ಅದನ್ನ ಗುರ್ತು ಹಿಡದು ಅದರೊಳಗ ಸ್ವಲ್ಪ ಹಾಕ್ತಾರ, ಕೆಲವು ದಿನಕ್ಕ ಕೆಲಸ ಶುರು, ಸುಮಾರು ಮೂರು ತಿಂಗಳಿಗಿ ಇಳಿತದ, ಮತ್ತ ಹಾಕಸ್ಬೇಕು. ಡೋಸ್ ಜಾಸ್ತಿ ಆದ್ರ ಬೆರಳು ಸೋತು ಕಲಮ್ ಹಿಡಿಲಾಕೇ ಆಗಲ್ಲ, ಅದಕ್ಕ ಈ ಕೈ ರೋಗ ದಿನಾ ನೋಡೋರ ಹತ್ರನೇ ಹೋಗ್ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಾಗ ನರರೋಗ ವಿಭಾಗ ಅದ, ಇಂಥ ಚಲನೆಯ ರೋಗ ನೋಡ್ತಾರ. ರಾತ್ರಿ ರೈಲಿಗಿ ಹೋಗೋ ಮುಂದ ಕಲಮು, ಒಂದು ಸಣ್ಣ ಅರ್ಧ ಮುಗಿದ ಡಬ್ಬಿ ಚೀಲದಾಗ ಹಾಕ್ಕೊಂಡು ಹೋಗ್ರಿ, ಮರಿಬ್ಯಾಡ್ರಿ, ಡಾಕ್ಟರ್ ಮುಂದ ಕೂತು ಗೀರಿ ತೋರಿಸ್ಲಿ. ಬರೇ ಕೈ ತೋರಿಸಿದ್ರ ನಾರ್ಮಲ್ ಅಂತ ಬರದು ಕಳಿಸ್ತಾರ.

ಪ್ರಶ್ನೆ: ಲೆಫ್ಟ್ ಆರ್ಮ್ ಸ್ಪಿನ್ನರ್ ಇದ್ದೀನಿ ಸರ್, 19 ವರ್ಷ, ಯಾದಗಿರಿ. ರನಪ್ ಮುಗಿಸಿ ಕೈ ಎತ್ತಿದ್ರ ಬಾಲ್ ಕೈ ಬಿಡೋದೇ ಇಲ್ಲ, ಇಲ್ಲಾಂದ್ರ ಎರಡು ಟಪ್ಪಾ ಬೀಳ್ತದ. ನೆಟ್ಸ್‌ನಾಗ ಬ್ಯಾಟ್ಸ್‌ಮನ್ ಇಲ್ಲದಾಗ ಫಸ್ಟ್ ಕ್ಲಾಸ್. ಒಂದು ಮ್ಯಾಚ್‌ನಾಗ ಆರು ವೈಡ್ ಹೋದ್ಮ್ಯಾಲ ಶುರು ಆತು.

ಉತ್ತರ: ನಿನ್ನ ವಯಸ್ಸು, ಆ ಆರು ವೈಡು, ಬ್ಯಾಟ್ಸ್‌ಮನ್ ಇಲ್ಲದಾಗ ಸರಿ ಅನ್ನೋದು, ಮೂರೂ ಕೂಡಿಸಿದ್ರ ಇದು ಒತ್ತಡದ ಕಡಿ ಜಾಸ್ತಿ ವಾಲ್ತದ. ಹಲಗಿಗಿ ಸಣ್ಣ ಬಾಣ ಎಸೆಯೋ ಡಾರ್ಟ್ಸ್ ಆಟದಾಗ ಐದು ಸಲ ವಿಶ್ವ ಚಾಂಪಿಯನ್ ಆದ ಎರಿಕ್ ಬ್ರಿಸ್ಟೊಗೂ ಬೆರಳಿಂದ ಡಾರ್ಟ್ ಬಿಡಲಾಕ ಆಗ್ತಿರಲಿಲ್ಲ, ನೀ ಒಬ್ಬನೇ ಅಲ್ಲ. ರನಪ್ ಬಿಡು, ನಿಂತಲ್ಲಿಂದ ಹಾಕು. ಹದಿನೈದು ಹೆಜ್ಜಿ ದೂರದಿಂದ, ಗೋಡಿಗಿ, ಟೆನಿಸ್ ಬಾಲ್. ಆಮ್ಯಾಲ ಎರಡು ಹೆಜ್ಜಿ, ಆಮ್ಯಾಲ ಕೀಪರ್, ಕಡೀಕ ಬ್ಯಾಟ್ಸ್‌ಮನ್. ಬಿಡೋವಾಗ ಕೈ ಬಗ್ಗೆ ವಿಚಾರ ಮಾಡಬ್ಯಾಡ, ಪಿಚ್ ಮ್ಯಾಲ ಒಂದು ಕರ್ಚೀಫ್ ಹಾಸಿ ಅದನ್ನಷ್ಟೇ ನೋಡು. ಕೋಚ್ ಎಲ್ಲರ ಮುಂದ ಬೈತಿದ್ರ ಅವ್ರಿಗಿ ನನ್ನ ಹೆಸರು ಹೇಳು.

ಪ್ರಶ್ನೆ: ಅಮ್ಮಂದು ತಲಿ 'ಬ್ಯಾಡ ಬ್ಯಾಡ' ಅಂದಂಗ ಅಲ್ಲಾಡ್ತದ, ವಯಸ್ಸು 68, ಸೇಡಂ. ಚಹಾ ಬಸಿಯಿಂದ ಚೆಲ್ತದ ಅಂತ ಮಂದಿ ಮುಂದ ಕುಡಿಯೋದೇ ಬಿಟ್ಟಾಳ. ಸೋದರಮಾವಗೂ ಹಂಗೇ ಇತ್ತು, ಅವ ಸಿಂದಿ ಕುಡದ್ರ ನಿಲ್ತದ ಅಂತಿದ್ದ. ಅದು ಖರೇನಾ?

ಉತ್ತರ: ಖರೇ ಅದ ಅಕ್ಕಾ, ಸೋದರಮಾವ ಸುಳ್ಳಾಡಿಲ್ಲ. ಎಸೆನ್ಶಿಯಲ್ ಟ್ರೆಮರ್ ಅಂತ ಇದಕ್ಕ, ಮನೆತನದಾಗ ಹರೀತದ, ಕೈ ಎತ್ತಿ ಕೆಲಸ ಮಾಡೋವಾಗ ನಡುಗ್ತದ, ಬಾಳ ಮಂದಿಗಿ ಸ್ವಲ್ಪ ಹೆಂಡ ಹೋದ್ರ ಒಂದೆರಡು ತಾಸು ಕಡಿಮಿ ಆಗ್ತದ, ಆಮ್ಯಾಲ ಬಡ್ಡಿ ಸಮೇತ ವಾಪಸ್ ಬರ್ತದ. ಅದನ್ನ ಔಷಧ ಅಂತ ತಿಳ್ಕೊಂಡು ಎಷ್ಟೋ ಮನಿ ಹಾಳಾಗ್ಯಾವ. ಅಮ್ಮಗ ಥೈರಾಯ್ಡ್ ಟೆಸ್ಟ್ ಮಾಡಸ್ರಿ, ದಮ್ಮಿನ ಪಂಪ್ ತಗೋತಾಳೇನು ಹೇಳ್ರಿ, ಅದೂ ಕೈ ನಡುಗಸ್ತದ. ದಮ್ಮು ಇಲ್ಲಾಂದ್ರ ಪ್ರೊಪ್ರನೊಲಾಲ್, ಅಥವಾ ಪ್ರಿಮಿಡೋನ್, ಡಾಕ್ಟರ್ ನೋಡಿ ಕೊಡ್ತಾರ, ಶುರು ಮಾಡಿದ್ದು ತಾವೇ ತಟಕ್ಕನ ಬಿಡಬಾರದು. ತಲಿ ಒಂದೇ ಕಡಿ ಎಳದು ಕುತ್ತಿಗಿ ನೋಯ್ತಿದ್ರ ಅದು ಕುತ್ತಿಗಿ ಡಿಸ್ಟೋನಿಯಾ ಇರಬಹುದು, ಅದಕ್ಕ ಬೊಟಾಕ್ಸ್ ಛಲೋ ಕೆಲಸ ಮಾಡ್ತದ. ಅಲ್ಲೀತನ ಬಸಿ ಬಿಟ್ಟು ದಪ್ಪ ತಳದ ಸ್ಟೀಲ್ ಗ್ಲಾಸಿನಾಗ ಅರ್ಧ ಚಹಾ ಹಾಕಿ ಕೊಡ್ರಿ, ಮೊಳಕೈ ಟೇಬಲ್ ಮ್ಯಾಲ ಊರಿ ಕುಡೀಲಿ. ಮದುವಿ ಮನ್ಯಾಗ ಯಾರಾದ್ರೂ ಏನಾರ ಅಂದ್ರ ನೀವೇ ಮೊದಲ ಹೇಳಿಬಿಡ್ರಿ, 'ನಮ್ಮವ್ವಗ ನಡುಕ ಅದ' ಅಂತ, ಮುಚ್ಚಿಟ್ಟಷ್ಟೂ ಕೈ ಜಾಸ್ತಿ ನಡುಗ್ತದ.

ಪ್ರಶ್ನೆ: ಎಡಗಣ್ಣು ಹದಿನೈದು ದಿನದಿಂದ ಪಟಪಟ ಹೊಡಕೋಲಾಕತ್ತದ. ಗಂಡಸರಿಗಿ ಎಡಗಣ್ಣು ಹಾರಿದ್ರ ಕೆಟ್ಟದಂತ. ಏನು ಕಾದಿದೆ ಡಾಕ್ಟ್ರೇ? (ಸೂಪರ್ ಮಾರ್ಕೆಟ್, ಕಲಬುರಗಿ)

ಉತ್ತರ: ದಿನಕ್ಕ ಎಷ್ಟು ಚಹಾ, ರಾತ್ರಿ ಎಷ್ಟು ಗಂಟೆಗಿ ಮಲಗ್ತೀರಿ ಅಂತ ಬರದಿಲ್ಲ ನೀವು. ಎಂಟು ಕಪ್ಪು, ರಾತ್ರಿ ಒಂದರತನ ಮೊಬೈಲ್ ಅಂದ್ರ ಎರಡೂ ಅರ್ಧಕ್ಕ ಇಳಸ್ರಿ. ಕೆಳರೆಪ್ಪಿ ಸಣ್ಣಗ ಹಾರೋದು ಬರೀ ಆಯಾಸ, ಎರಡು ಮೂರು ವಾರದಾಗ ಹೋಗ್ತದ. ಕಣ್ಣು ಪೂರಾ ಮುಚ್ಚಿಕೊಂಡ್ರ, ಇಲ್ಲಾ ಗಲ್ಲ, ತುಟಿನೂ ಜೋಡಿ ಎಳದ್ರ ಮಾತ್ರ ತೋರಸ್ರಿ.